ಪಾಠದ ಸುತ್ತ ಕಟ್ಟಿದ ಬಳಗ: ಸಂಗ್ರಹಗಳ ಓದು ಮತ್ತು ಹೊರನಾಡಿನ ಕನ್ನಡ ತರಗತಿ

ಕನ್ನಡ ವಿಮರ್ಶೆಯ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಕೃತಿಗಳನ್ನು, ಕೃತಿಕಾರರನ್ನು ಮತ್ತು ಪಂಥಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದಾರೆ. ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ ಎಂಬ ವಿಂಗಡಣೆಯ ಅನುಕೂಲಗಳು ಎಲ್ಲರಿಗೂ ತಿಳಿದವೇ. ಆದರೆ ಇಪ್ಪತ್ತನೆಯ ಶತಮಾನದ ಕನ್ನಡ ವಿಮರ್ಶೆಯ ದೊಡ್ಡ ಭಾಗ ರೂಪುಗೊಂಡದ್ದು ಕಾಲೇಜಿನ ಪಾಠದ ಕೋಣೆಯಲ್ಲಿ, ಹಾಗೂ ಆ ಕೋಣೆಯಿಂದ ಹೊರಬಂದು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ನಡೆಸಿದ ಸಂಘಗಳಲ್ಲಿ ಎಂಬ ಸಂಗತಿ ಈ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯ ಸ್ಥಾನವನ್ನು ಮೀರಿಲ್ಲ. ಒಂದು ಕಾವ್ಯವನ್ನು ಯಾರು, ಯಾರಿಗೆ, ಯಾವ ಪುಸ್ತಕವನ್ನು ಕೈಯಲ್ಲಿ ಹಿಡಿದು ಪಾಠ ಹೇಳಿದರು ಎಂಬ ಪ್ರಶ್ನೆಯನ್ನು ನಾವು ವಿಮರ್ಶೆಯ ಪ್ರಶ್ನೆಯೆಂದು ಪರಿಗಣಿಸಿಲ್ಲ. ಅದನ್ನು ಶಿಕ್ಷಣಶಾಸ್ತ್ರದವರಿಗೆ ಬಿಟ್ಟುಕೊಟ್ಟಿದ್ದೇವೆ. ಶಿಕ್ಷಣಶಾಸ್ತ್ರದವರಿಗಾದರೋ ರಾಘವಾಂಕನ ಗೊಡವೆ ಇಲ್ಲ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಎರಡು ನೆಲೆಗಳಲ್ಲಿ ಕೈಗೆತ್ತಿಕೊಳ್ಳುತ್ತದೆ. ಒಂದು, ಮೈಸೂರು ಮತ್ತು ಬೆಂಗಳೂರಿನ ಕಾಲೇಜುಗಳಲ್ಲಿ 1919ರಿಂದೀಚೆಗೆ ಅಧ್ಯಾಪಕ-ವಿದ್ಯಾರ್ಥಿಗಳ ಬಳಗವೊಂದು ಪಾಠದ ಅಗತ್ಯದಿಂದಲೇ ನಿರ್ಮಿಸಿದ ಸಾಹಿತ್ಯ, ಅದರಲ್ಲಿಯೂ ಮುಖ್ಯವಾಗಿ ‘ಸಂಗ್ರಹ’ ಎಂಬ ಹೆಸರಿನ ಪುಸ್ತಕಗಳು. ಎರಡು, ರಾಜ್ಯದ ಹೊರಗಿರುವ ಕನ್ನಡ ವಿಭಾಗಗಳಲ್ಲಿ ಇಂದು ಅಂಥ ಬಳಗದ ಸಾಧ್ಯತೆ. ಎರಡನೆಯದನ್ನು ಕುರಿತು ಬರೆಯುವಾಗ ನನ್ನ ಸ್ವಂತ ತರಗತಿಯ ಅನುಭವವನ್ನು ತರಬೇಕಾಗಿದೆ. ಸಂಶೋಧನ ಲೇಖನದಲ್ಲಿ ‘ನಾನು’ ಬರಬಾರದೆಂದು ನಮಗೆ ಕಲಿಸಲಾಗಿತ್ತು. ಈ ಒಂದು ಬಾರಿ ಆ ಕಟ್ಟಳೆಯನ್ನು ಮೀರುತ್ತಿದ್ದೇನೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಬಂದಿತು. ಅದರ ಹಿಂದಿದ್ದ ಪ್ರಧಾನ ಶಕ್ತಿ ಎ.ಆರ್. ಕೃಷ್ಣಶಾಸ್ತ್ರಿಗಳು. ಅಂದು ಕಾಲೇಜಿನಲ್ಲಿ ಕನ್ನಡವು ಪಂಡಿತರ ಪಾಲಿನ ಗೌಣ ವಿಷಯ. ವಿದ್ಯೆಯ ಪ್ರತಿಷ್ಠೆಯೆಲ್ಲ ಇಂಗ್ಲಿಷಿನ ಕಡೆಗಿತ್ತು. ಕನ್ನಡದಲ್ಲಿ ಎಂ.ಎ. ತರಗತಿ ಮೈಸೂರಿನಲ್ಲಿ ಆರಂಭವಾದದ್ದು 1927ರಲ್ಲಿ, ಅಂದರೆ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಹನ್ನೊಂದು ವರ್ಷಗಳಾದ ಮೇಲೆ. ಹೀಗಾಗಿ ಪತ್ರಿಕೆಯು ಮೊದಲು, ಸ್ನಾತಕೋತ್ತರ ತರಗತಿ ಅನಂತರ. ಈ ಅನುಕ್ರಮ ಗಮನಾರ್ಹ. ವಿಶ್ವವಿದ್ಯಾನಿಲಯವು ಕನ್ನಡಕ್ಕೆ ಒಂದು ವಿಭಾಗವನ್ನು ಕೊಟ್ಟಮೇಲೆ ಆ ವಿಭಾಗದವರು ಒಂದು ಬಳಗವನ್ನು ಕಟ್ಟಿಕೊಂಡರು ಎನ್ನುವಂತಿಲ್ಲ. ಬಳಗವು ಮೊದಲೇ ಇತ್ತು, ವಿಭಾಗವು ಅದರ ಮೇಲೆ ಬಂದು ಕೂತಿತು. ಇಂದಿನ ನಮ್ಮ ಸ್ಥಿತಿ ಇದಕ್ಕೆ ತಿರುವುಮುರುವು. ಪೀಠ ಇದೆ, ಹುದ್ದೆ ಇದೆ, ನಾಮಫಲಕ ಇದೆ, ಬಳಗವನ್ನು ಹುಡುಕಬೇಕಾಗಿದೆ.

1927ರ ಮೊದಲ ಎಂ.ಎ. ತಂಡದಲ್ಲಿ ಕುವೆಂಪು, ಡಿ.ಎಲ್. ನರಸಿಂಹಾಚಾರ್ ಇದ್ದರು. ಟಿ.ಎಸ್. ವೆಂಕಣ್ಣಯ್ಯನವರು ಅವರ ಅಧ್ಯಾಪಕರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಡೀ ವಲಯದ ಹಿರಿಯರು. ಆ ಇಬ್ಬರು ವಿದ್ಯಾರ್ಥಿಗಳು ಮುಂದೆ ಅದೇ ವಿಶ್ವವಿದ್ಯಾನಿಲಯದ ಅಧ್ಯಾಪಕರಾದರು ಎಂಬುದು ಎಲ್ಲರೂ ಬಲ್ಲ ವಿಷಯ. ನಾನು ಒತ್ತಿ ಹೇಳಬಯಸುವುದು ಇನ್ನೊಂದನ್ನು. ವಿದ್ಯಾರ್ಥಿದೆಸೆ ಮತ್ತು ಅಧ್ಯಾಪಕದೆಸೆಗಳ ನಡುವೆ ಇಂದು ನಾವು ಕಾಣುವ ಎಂಟು-ಹತ್ತು ವರ್ಷಗಳ ಕಂದರ, ಅಂದರೆ ಸಂಶೋಧನ ವಿದ್ಯಾರ್ಥಿಯಾಗಿ ಒಂಟಿಯಾಗಿ ಕಳೆಯುವ ಕಾಲ, ಅಲ್ಲಿ ಇರಲಿಲ್ಲ. ಎಂ.ಎ. ಮುಗಿಸಿದವನು ತನಗೆ ಪಾಠ ಹೇಳಿದವರ ಪಕ್ಕದ ಕೋಣೆಯಲ್ಲಿಯೇ ಪಾಠ ಹೇಳಲು ನಿಲ್ಲುತ್ತಿದ್ದ; ಅವರೊಡನೆಯೇ ಪುಸ್ತಕ ಸಂಪಾದಿಸುತ್ತಿದ್ದ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕೃತಿಯನ್ನು ಅರ್ಪಿಸಿದ್ದು ಆ ಹೊತ್ತಿಗಾಗಲೇ ದಿವಂಗತರಾಗಿದ್ದ ವೆಂಕಣ್ಣಯ್ಯನವರಿಗೆ. ಶಿಷ್ಯನೊಬ್ಬ ತನ್ನ ಕೆಲಸವನ್ನು ಮುಗಿಸಿ ತಂದು ಗುರುವಿಗೆ ಒಪ್ಪಿಸುವ ರೀತಿಯಲ್ಲಿ ಆ ಅರ್ಪಣೆ ಇದೆ. ಅದನ್ನು ನಾವು ಗುರುಭಕ್ತಿಯ ಉದಾಹರಣೆಯೆಂದು ಮಾತ್ರ ಓದುತ್ತ ಬಂದಿದ್ದೇವೆ. ಪಾಠದ ಕೋಣೆಯಲ್ಲಿ ಆರಂಭವಾದ ಒಂದು ದೀರ್ಘ ಸಂವಾದದ ದಾಖಲೆಯಾಗಿಯೂ ಅದನ್ನು ಓದಲು ಸಾಧ್ಯವಿದೆ.

ಈ ಬಳಗದ ಸಾಧನೆಗಳೆಂದರೆ ನಮಗೆ ಒಡನೆ ನೆನಪಾಗುವುದು ಕಾವ್ಯ, ನಾಟಕ, ಭಾಷಾಂತರಗಳು. ಶಾಸ್ತ್ರದ ಕಡೆಯಲ್ಲಿ ಪ್ರಾಚೀನ ಗ್ರಂಥಗಳ ಸಂಪಾದನೆಗಳು. ಇವೆರಡರ ನಡುವೆ ಇನ್ನೊಂದು ವರ್ಗದ ಪುಸ್ತಕಗಳಿವೆ. ವೆಂಕಣ್ಣಯ್ಯ ಮತ್ತು ಕೃಷ್ಣಶಾಸ್ತ್ರಿಗಳು ಜೊತೆಯಾಗಿ ಸಿದ್ಧಪಡಿಸಿದ ‘ಹರಿಶ್ಚಂದ್ರ ಕಾವ್ಯ ಸಂಗ್ರಹ’ ಇಂಥದೊಂದು. ಕನ್ನಡದ ಅಶ್ವಿನೀದೇವತೆಗಳೆಂದು ಕರೆಸಿಕೊಂಡ ಈ ಇಬ್ಬರ ಜೊತೆಗಾರಿಕೆಗೆ ಇದಕ್ಕಿಂತ ಉತ್ತಮ ಸಾಕ್ಷಿ ಇಲ್ಲವೆಂದು ನನ್ನ ಭಾವನೆ. ಕಾವ್ಯದ ಕಥಾಸರಣಿ ಕಡಿಯದಂತೆ ಪದ್ಯಗಳನ್ನು ಆಯ್ದು, ಪಾಠವನ್ನು ಶೋಧಿಸಿ, ಕವಿಕಾವ್ಯ ವಿಚಾರದ ಪೀಠಿಕೆಯನ್ನೂ ವಿದ್ಯಾರ್ಥಿಗೆ ಬೇಕಾದ ಅರ್ಥಸಾಮಗ್ರಿಯನ್ನೂ ಕೂಡಿಸಿ, ಕೈಗೆಟಕುವ ಗಾತ್ರದಲ್ಲಿ ಕೊಡುವುದು ಈ ವರ್ಗದ ಪುಸ್ತಕಗಳ ಕ್ರಮ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇವುಗಳನ್ನು ‘ಮರ್ಯಾದಸ್ಥರ ಗೈಡು’ ಎಂದು ಕರೆಯುತ್ತಿದ್ದರು. ಆ ಮಾತಿಗೆ ಅಂದು ನಾನೂ ನಕ್ಕಿದ್ದೇನೆ.

ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಆಗಲೇ ಯೋಚಿಸಬೇಕಾಗಿದ್ದ ಒಂದು ಅಂಶವಿದೆ. ಆಯ್ದು ಕೊಡುವ ಕೆಲಸ ಕನ್ನಡಕ್ಕೆ ಹೊಸದಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ದಲ್ಲಿ ಪೂರ್ವಕವಿಗಳ ಪದ್ಯಗಳನ್ನು ವರ್ಣನಾವಿಷಯಗಳಿಗೆ ಅನುಸಾರವಾಗಿ ಜೋಡಿಸಿಟ್ಟ. ಅವನ ಮಗ ಕೇಶಿರಾಜ ‘ಶಬ್ದಮಣಿದರ್ಪಣ’ವನ್ನು ಬರೆಯುವಾಗ ಸೂತ್ರಗಳಿಗೆ ಪೂರ್ವಕವಿಗಳ ಪ್ರಯೋಗಗಳನ್ನು ಎತ್ತಿ ತೋರಿಸುತ್ತ ಹೋದ. ಒಂದೇ ಮನೆಯಲ್ಲಿ ತಂದೆ ಸಂಕಲನಕಾರ, ಮಗ ವೈಯಾಕರಣ. ತಂದೆಯ ಸಂಕಲನ ಮಗನ ವ್ಯಾಕರಣಕ್ಕೆ ಎಷ್ಟರಮಟ್ಟಿಗೆ ಒದಗಿತು ಎಂಬುದು ಬೇರೆಯೇ ಚರ್ಚೆ. ಆದರೆ ಆಯ್ಕೆ, ಲಕ್ಷಣ, ಬೋಧನೆ ಈ ಮೂರೂ ಒಂದರ ಮಗ್ಗುಲಲ್ಲಿ ಒಂದು ಬೆಳೆದವು ಎನ್ನಲು ಅಡ್ಡಿಯಿಲ್ಲ. ಹದಿನಾರನೆಯ ಶತಮಾನದ ಅಭಿನವವಾದಿ ವಿದ್ಯಾನಂದನ ‘ಕಾವ್ಯಸಾರ’ ಇದೇ ಪರಂಪರೆಯದು. ಇಂದು ನಮಗೆ ಮೂಲದಲ್ಲಿ ದೊರೆಯದ ಎಷ್ಟೋ ಪದ್ಯಗಳು ಇಂಥ ಸಂಕಲನಗಳಿಂದಲೇ ಉಳಿದಿವೆ ಎಂಬುದನ್ನು ಸಂಶೋಧಕರಿಗೆ ನೆನಪಿಸಬೇಕಾಗಿಲ್ಲ. ಬಿ.ಎಂ.ಶ್ರೀ. ಅವರ ‘ಕನ್ನಡ ಬಾವುಟ’ವನ್ನೂ ಮೈಸೂರಿನ ಸಂಗ್ರಹಗಳನ್ನೂ ಈ ಸಾಲಿನಲ್ಲಿ ಇಟ್ಟು ನೋಡಿದರೆ ಅವು ಪಠ್ಯಪುಸ್ತಕದ ಚರಿತ್ರೆಗೆ ಸೇರಿದಷ್ಟೇ ಕಾವ್ಯಮೀಮಾಂಸೆಯ ಚರಿತ್ರೆಗೂ ಸೇರುತ್ತವೆ.

ಆದರೆ ಹಳೆಯ ಸಂಕಲನಕ್ಕೂ ಹೊಸ ಸಂಗ್ರಹಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಮಲ್ಲಿಕಾರ್ಜುನನ ಕಣ್ಣು ವರ್ಣನೆಯ ಮೇಲೆ; ಸಮುದ್ರ, ಗಿರಿ, ಚಂದ್ರೋದಯಗಳನ್ನು ಪಡೆಯಲು ಅವನು ಕಥೆಯನ್ನು ಬಿಡಬಲ್ಲ. ಮೈಸೂರಿನ ಸಂಗ್ರಹಕಾರರ ಕಣ್ಣು ಕಥೆಯ ಮೇಲೆ ಹಾಗೂ ಪಾತ್ರದ ಮೇಲೆ. ಅವರು ಮೊದಲು ಕೈಬಿಡುವುದು ವರ್ಣನೆಯನ್ನು. ಇಂಗ್ಲಿಷ್ ನಾಟಕ ಮತ್ತು ಕಾದಂಬರಿಗಳನ್ನು ಓದಿ ಬೆಳೆದ ಅಭಿರುಚಿಯ ಗುರುತು ಇಲ್ಲಿ ಸ್ಪಷ್ಟವಾಗಿದೆ. ಕನ್ನಡದ ಮಧ್ಯಕಾಲೀನ ಕವಿಗಳನ್ನು ‘ಪಾತ್ರಸೃಷ್ಟಿ’, ‘ಸನ್ನಿವೇಶ’, ‘ಸಂಘರ್ಷ’ ಎಂಬ ಪದಗಳಿಂದ ಅಳೆಯುವ ಅಭ್ಯಾಸ ನಮಗೆ ವಿಮರ್ಶಾಗ್ರಂಥಗಳಿಂದ ಬರುವ ಮೊದಲೇ ಸಂಗ್ರಹಗಳಿಂದ ಬಂದಿತ್ತು. ಬಿ.ಎ. ತರಗತಿಯಲ್ಲಿ ಸಂಗ್ರಹವನ್ನು ಓದಿದ ಹುಡುಗನಿಗೆ ರಾಘವಾಂಕ ಎಂದರೆ ನಾಟಕೀಯ ಕವಿ. ಆತ ಮುಂದೆ ಸಂಪೂರ್ಣ ಕಾವ್ಯವನ್ನು ಓದಿದಾಗ ಅದರಲ್ಲಿನ ದೀರ್ಘ ಬೇಟೆಯ ವರ್ಣನೆಯನ್ನು ಅಡಚಣೆಯೆಂದು ಭಾವಿಸುತ್ತಾನೆ. ಆ ಭಾವನೆ ಅವನದಲ್ಲ, ಸಂಗ್ರಹವು ಅವನಿಗೆ ಕೊಟ್ಟದ್ದು. ನನಗೂ ಹಾಗೆಯೇ ಆಯಿತು. ಅದರಿಂದ ಬಿಡಿಸಿಕೊಳ್ಳಲು ನನಗೆ ಹತ್ತು ವರ್ಷಗಳಾದರೂ ಹಿಡಿದವು.

ಬಳಗದ ಮಿತಿಗಳನ್ನು ಕುರಿತು ದಾಕ್ಷಿಣ್ಯವಿಲ್ಲದೆ ಬರೆಯಬೇಕು. ಅಧ್ಯಾಪಕರು ಬಹುತೇಕ ಬ್ರಾಹ್ಮಣ ಸಮುದಾಯದವರು. ಕುವೆಂಪು ಅವರಂಥವರು ಆ ವಲಯದೊಳಗೆ ಬಂದದ್ದು ಚಾರಿತ್ರಿಕ ಘಟನೆಯೆನಿಸಿತೆಂದರೆ ಬಾಗಿಲು ಎಷ್ಟು ಕಿರಿದಾಗಿತ್ತೆಂದು ಊಹಿಸಬಹುದು. ಹೆಣ್ಣುಮಕ್ಕಳು ತೀರ ವಿರಳ. ತತ್ತ್ವಪದ, ಜನಪದ ಕಾವ್ಯಗಳು ಈ ಬಳಗದ ಪಾಠಪಟ್ಟಿಯೊಳಗೆ ಬರಲು ಹಲವು ದಶಕಗಳು ಬೇಕಾದವು. ‘ಆತ್ಮೀಯ ವಾತಾವರಣ’ವೆಂದು ನಾವು ಕೊಂಡಾಡುವುದು ಒಂದೇ ಬಗೆಯ ಮನೆಗಳಿಂದ ಬಂದವರ ಆತ್ಮೀಯತೆಯಾಗಿದ್ದೀತು ಎಂಬ ಅನುಮಾನಕ್ಕೆ ಎಡೆಯಿದೆ. ಹಾಗೆಂದು ಆ ಕೆಲಸವನ್ನು ತಳ್ಳಿಹಾಕುವುದು ಸುಲಭವೂ ಅಲ್ಲ, ನ್ಯಾಯವೂ ಅಲ್ಲ. ತಾವು ನಾಳೆ ಪಾಠ ಹೇಳಬೇಕಾದ ಕಾವ್ಯವನ್ನು ಇಂದು ಇಬ್ಬರು ಕುಳಿತು ಓದುವ ಪದ್ಧತಿಯನ್ನು ಅವರು ಉಳಿಸಿಕೊಂಡಿದ್ದರು. ನಮ್ಮಲ್ಲಿ ಅದು ಇಲ್ಲ.

ಇನ್ನು ನನ್ನ ತರಗತಿಯ ವಿಷಯ. ರಾಜ್ಯದ ಹೊರಗಿನ ನಗರವೊಂದರಲ್ಲಿ ನಾನು ಅಧ್ಯಾಪಕನಾಗಿ ಸೇರಿದಾಗ ನನ್ನ ಕೈಯಲ್ಲಿ ಹದಿಮೂರನೆಯ ಶತಮಾನದ ಷಟ್ಪದಿ ಕಾವ್ಯಗಳನ್ನು ಕುರಿತ ಮಹಾಪ್ರಬಂಧವಿತ್ತು, ತಲೆಯಲ್ಲಿ ಪಾಠಾಂತರಗಳಿದ್ದವು. ಪಾಠ ಹೇಳುವುದನ್ನು ಯಾರೂ ನನಗೆ ಕಲಿಸಿರಲಿಲ್ಲ. ಕಲಿಸಬೇಕಾದ ವಿದ್ಯೆ ಅದು ಎಂಬ ತಿಳುವಳಿಕೆಯೂ ನನಗಿರಲಿಲ್ಲ. ಮೊದಲ ವರ್ಷ ಹರಿಶ್ಚಂದ್ರ ಕಾವ್ಯದ ಗಾನರಾಣಿಯರ ಪ್ರಸಂಗ ಪಾಠಕ್ಕಿತ್ತು. ತರಗತಿಯಲ್ಲಿ ಆರು ಜನ. ಇಬ್ಬರು ಮನೆಯಲ್ಲಿ ಕನ್ನಡ ಆಡುವವರು, ಲಿಪಿಯನ್ನು ತಡವಾಗಿ ಕಲಿತವರು. ಒಬ್ಬಾಕೆಯ ಮನೆಮಾತು ಮರಾಠಿ. ಒಬ್ಬ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಬಂದವನು. ಉಳಿದಿಬ್ಬರು ಕರ್ನಾಟಕದಿಂದ ಬಂದವರು.

ಪ್ರಸಂಗವು ಓದುಗರಿಗೆ ಪರಿಚಿತವೇ ಆದರೂ ಮುಂದಿನ ಮಾತಿಗಾಗಿ ನೆನಪಿಸುತ್ತೇನೆ. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿಸಿದ ಇಬ್ಬರು ಅನಾಮಿಕೆಯರು ರಾಜನ ಮುಂದೆ ಹಾಡುತ್ತಾರೆ. ಮೆಚ್ಚಿದ ರಾಜ ಒಡವೆಗಳನ್ನು ಕೊಡುತ್ತಾನೆ. ಅವರು ಬೇಡುವುದು ಬೆಳ್ಗೊಡೆಯನ್ನು. ವಂಶಪರಂಪರೆಯ ಆ ಕೊಡೆಯನ್ನು ಕೊಡಲಾಗದೆಂದಾಗ, ಹಾಗಾದರೆ ನಮ್ಮನ್ನು ಮದುವೆಯಾಗೆಂದು ಕೇಳುತ್ತಾರೆ. ಅವನು ಕುಲವನ್ನು ಎತ್ತಿ ನಿರಾಕರಿಸುತ್ತಾನೆ. ಆಗ ಬರುತ್ತದೆ ಅವರ ವಾದ: ನಮ್ಮ ಹಾಡನ್ನು ಕೇಳಿದ ಕಿವಿಗೆ, ನಮ್ಮ ರೂಪವನ್ನು ನೋಡಿದ ಕಣ್ಣಿಗೆ, ನಮ್ಮೊಡನೆ ಆಡಿದ ಬಾಯಿಗೆ, ನಮ್ಮ ಮೈಯ ಕಂಪನ್ನು ಉಂಡ ಮೂಗಿಗೆ ತಟ್ಟದ ಹೊಲೆ ಮುಟ್ಟುವ ಒಂದು ಇಂದ್ರಿಯಕ್ಕೆ ಮಾತ್ರ ಹೇಗೆ ತಟ್ಟಿತು? ರಾಜನಿಗೆ ಉತ್ತರವಿಲ್ಲ. ಅವನು ಅವರನ್ನು ಹೊಡೆದಟ್ಟಿಸುತ್ತಾನೆ. ಅಲ್ಲಿಂದ ಕಾವ್ಯದ ಇಡೀ ದುಃಖಪರಂಪರೆ ಆರಂಭವಾಗುತ್ತದೆ.

ನಾನು ವಾರ್ಧಕ ಷಟ್ಪದಿಯ ಮಾತ್ರಾಗಣ ವಿನ್ಯಾಸದಿಂದ ಆರಂಭಿಸಿದೆ. ಎರಡು ಪಾಠಾಂತರಗಳನ್ನು ಹಲಗೆಯ ಮೇಲೆ ಬರೆದೆ. ರಾತ್ರಿ ಶಾಲೆಯಿಂದ ಬಂದ ಹುಡುಗ ಎದ್ದು, “ಸರ್, ಕವಿ ಯಾರ ಕಡೆ ಇದ್ದಾನೆ?” ಎಂದು ಕೇಳಿದ. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ದಾಖಲಿಸುವುದು ನನಗೆ ಹಿತವಲ್ಲ, ಆದರೂ ಹೇಳಬೇಕು. ಕಾವ್ಯದಲ್ಲಿ ಕವಿಯ ಪಕ್ಷವನ್ನು ಹುಡುಕುವುದು ಅಪರಿಪಕ್ವ ಓದು ಎಂದೆ. ಮುಂದಿನ ಪದ್ಯಕ್ಕೆ ಹೋದೆ. ಆ ಹುಡುಗ ವರ್ಷದುದ್ದಕ್ಕೂ ಮತ್ತೆ ಬಾಯಿ ತೆರೆಯಲಿಲ್ಲ.

ಎರಡು ವರ್ಷಗಳ ಅನಂತರ, ನನಗೆ ಅನಾರೋಗ್ಯವಾಗಿದ್ದ ಎರಡು ವಾರ, ವಿಭಾಗದ ಸಂಶೋಧನ ವಿದ್ಯಾರ್ಥಿನಿಯೊಬ್ಬಳು ಇದೇ ಪ್ರಸಂಗವನ್ನು ಹೊಸ ತಂಡಕ್ಕೆ ಪಾಠ ಹೇಳಿದಳು. ಹಿಂತಿರುಗಿದ ನಾನು ಕೊನೆಯ ಬೆಂಚಿನಲ್ಲಿ ಕುಳಿತು ಕೇಳಿದೆ. ಅವಳು ಮೊದಲು ಪದ್ಯಗಳನ್ನು ಎರಡು ಬಾರಿ ಗಟ್ಟಿಯಾಗಿ, ವಾಚಿಸುವ ಕ್ರಮದಲ್ಲಿ ಓದಿದಳು. ಅನಂತರ ತರಗತಿಯನ್ನು ಎರಡು ಪಂಗಡ ಮಾಡಿ, ರಾಜನ ಮಾತುಗಳನ್ನು ಒಂದು ಪಂಗಡಕ್ಕೂ ಅನಾಮಿಕೆಯರ ಮಾತುಗಳನ್ನು ಇನ್ನೊಂದಕ್ಕೂ ಕೊಟ್ಟು, ಒಂದೊಂದು ಪದ್ಯದಲ್ಲಿ ಮಾತು ಯಾರ ಕೈಯಲ್ಲಿದೆ ಎಂದು ಗುರುತು ಹಾಕಿಸಿದಳು. ರಾಜನ ಪಂಗಡದವರು ನಾಲ್ಕನೆಯ ಪದ್ಯಕ್ಕೆ ಬರುವ ಹೊತ್ತಿಗೆ ಸೋತಿದ್ದರು. “ನಮಗೆ ಮಾತೇ ಇಲ್ಲ ಮೇಡಂ, ಬರೀ ಸಿಟ್ಟಿದೆ” ಎಂದು ಒಬ್ಬಳು ದೂರಿದಳು. ಆಮೇಲೆ ಛಂದಸ್ಸಿನ ಪ್ರಶ್ನೆ ಬಂದಿತು: ಷಟ್ಪದಿಯ ಮೂರನೆಯ ಮತ್ತು ಆರನೆಯ ಪಾದಗಳ ನೀಳವಾದ ಓಟದಲ್ಲಿ ಯಾರ ಮಾತು ನಿಲ್ಲುತ್ತದೆ, ಯಾರದು ಮುರಿಯುತ್ತದೆ? ನಾನು ಎಲ್ಲಿಂದ ಆರಂಭಿಸಿ ಸೋತೆನೋ ಅಲ್ಲಿಗೆ ಅವಳು ಕೊನೆಯಲ್ಲಿ ಬಂದು ಮುಟ್ಟಿದಳು.

ಇದು ಬೋಧನಾ ಕೌಶಲದ ಮಾತು ಮಾತ್ರವಾಗಿದ್ದರೆ ಈ ಪತ್ರಿಕೆಯ ಪುಟಗಳನ್ನು ಅದಕ್ಕೆ ಬಳಸುತ್ತಿರಲಿಲ್ಲ. ನನ್ನ ಪ್ರಬಂಧದಲ್ಲಿ ಈ ಪ್ರಸಂಗಕ್ಕೆ ಮೀಸಲಾಗಿದ್ದುದು ಎರಡು ಕಂಡಿಕೆಗಳು, ಅದೂ ‘ಸಂಭಾಷಣಾ ಶೈಲಿ’ ಎಂಬ ಉಪಶೀರ್ಷಿಕೆಯ ಕೆಳಗೆ. ಮುಟ್ಟನ್ನು ನಿರಾಕರಿಸಿದ ರಾಜನು ಕಾಶಿಯಲ್ಲಿ ವೀರಬಾಹುಕನ ಆಳಾಗಿ ಸುಡುಗಾಡನ್ನು ಕಾಯುತ್ತಾನೆ ಎಂಬುದನ್ನು ನಾನು ಕಥಾಸಾರಾಂಶದಲ್ಲಿ ಬರೆದಿದ್ದೆ. ಆ ಎರಡು ತುದಿಗಳನ್ನು ಕೂಡಿಸಿ ಓದಿರಲಿಲ್ಲ. ವಾದದಲ್ಲಿ ಉತ್ತರಿಸಲಾಗದ್ದನ್ನು ಅವನು ಬಾಳಿನಲ್ಲಿ ಉತ್ತರಿಸಬೇಕಾಯಿತು ಎಂಬ ಓದು ಸಾಧ್ಯ. ರಾಘವಾಂಕನು ಸತ್ಯದ ಮಹಿಮೆಯನ್ನು ಹೇಳಲು ಹೊರಟವನು, ಕುಲದ ವಿಚಾರ ಅವನಿಗೆ ಪ್ರಾಸಂಗಿಕ ಎಂಬ ಎದುರುವಾದವೂ ಸಾಧ್ಯ. ಚಂಡಾಲನ ದಾಸ್ಯವನ್ನು ಕಾವ್ಯವು ಕಡುಕಷ್ಟದ ಪರಮಾವಧಿಯೆಂದೇ ಚಿತ್ರಿಸುವುದರಿಂದ ಆ ಎದುರುವಾದಕ್ಕೆ ಬಲವೂ ಇದೆ. ವೀರಶೈವ ಕವಿಯೊಬ್ಬ ವಚನಕಾರರ ತರುವಾಯದ ಕಾಲದಲ್ಲಿ ಈ ವಾದವನ್ನು ಅನಾಮಿಕೆಯರ ಬಾಯಿಯಲ್ಲಿ ಇಟ್ಟನೆಂಬುದನ್ನು ಮಾತ್ರ ಯಾವ ಓದೂ ಬದಿಗಿಡುವಂತಿಲ್ಲ. ‘ಕವಿ ಯಾರ ಕಡೆ’ ಎಂಬುದು ಅಪರಿಪಕ್ವ ಪ್ರಶ್ನೆಯಾಗಿರಲಿಲ್ಲ. ಅದು ನನ್ನ ಪ್ರಬಂಧ ಕೇಳಬೇಕಾಗಿದ್ದ ಪ್ರಶ್ನೆ. ತರಗತಿಯು ಸಂಶೋಧನೆಗೆ ಆಕರವಾಗುವುದು ಹೀಗೆ. ನನ್ನ ಪರಂಪರೆಯ ಹಿರಿಯರು ಇದನ್ನು ಬಲ್ಲವರಾಗಿದ್ದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964) ಎಂಥ ಶಾಸ್ತ್ರಗ್ರಂಥವಾದರೂ ಅದರ ನಿರೂಪಣೆಯಲ್ಲಿ ಕೈಹಿಡಿದು ನಡೆಸುವ ಅಧ್ಯಾಪಕನ ದನಿಯಿದೆ. ಎದುರಿಗೆ ಕುಳಿತ ಹೊಸಬನಿಗೆ ಯಾವುದು ತಿಳಿಯಲಿಕ್ಕಿಲ್ಲ ಎಂಬ ಎಚ್ಚರವಿದೆ.

ಸಂಶೋಧನೆ ಮತ್ತು ಪಾಠಗಳು ಬೇರೆಬೇರೆಯಾದದ್ದು ಯಾವಾಗ? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 1956ರಲ್ಲಿ ಶಾಸನಬದ್ಧವಾದ ಮೇಲೆ ಕನ್ನಡ ವಿಭಾಗಗಳು ಹೆಚ್ಚಿದವು, ಪಿಎಚ್.ಡಿ. ಪದವಿ ಸಾಮಾನ್ಯವಾಯಿತು. ಆರಂಭದಲ್ಲಿ ಇದರಿಂದ ಒಳಿತೇ ಆಯಿತು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಕೇಂದ್ರದಿಂದ ಜಿ.ಎಸ್. ಶಿವರುದ್ರಪ್ಪನವರ ಸಂಪಾದಕತ್ವದಲ್ಲಿ ಹೊರಬರತೊಡಗಿದ ‘ಸಮಗ್ರ ಕನ್ನಡ ಸಾಹಿತ್ಯ ಚರಿತ್ರೆ’ಯ ಸಂಪುಟಗಳು ಹಲವು ಅಧ್ಯಾಪಕರು ಕೂಡಿ ಮಾಡಿದ ಕೆಲಸ. ಅವರು ಬೆಂಗಳೂರಿಗೆ ಬರುವ ಮೊದಲು ಕೆಲವು ವರ್ಷ ಹೈದರಾಬಾದಿನ ಉಸ್ಮಾನಿಯಾದಲ್ಲಿ ಅಧ್ಯಾಪಕರಾಗಿದ್ದರು ಎಂಬುದನ್ನು ಹೊರನಾಡಿನ ನಾವು ನೆನೆಯಬೇಕು. ಅಧ್ಯಾಪಕರಿಗೆ ತರಬೇತಿ ಕೊಡಲು 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. ಅವುಗಳ ಪುನಶ್ಚೇತನ ಶಿಬಿರಗಳಿಗೆ ಹೋಗಿಬಂದವರಿಗೆ ಅಲ್ಲಿಯ ಗುಣದೋಷಗಳು ತಿಳಿದಿವೆ. ನನಗೆ ಅಲ್ಲಿ ದೊರೆತ ಉತ್ತಮ ಪಾಠಗಳೆಲ್ಲ ಚಹಾ ವಿರಾಮದಲ್ಲಿ ದೊರೆತವು. 2010ರ ನಿಯಮಗಳು ಅಧ್ಯಾಪಕನ ಕೆಲಸವನ್ನು ಅಂಕಗಳಲ್ಲಿ ಎಣಿಸತೊಡಗಿದಾಗ ಪ್ರಕಟಣೆಯ ಭಾರ ಪಾಠದ ಮೇಲೆ ಬಿದ್ದಿತು. 2018ರಲ್ಲಿ ಆ ಕ್ರಮ ಸಾಕಷ್ಟು ಸಡಿಲವಾಯಿತಾದರೂ ಅಷ್ಟರಲ್ಲಿ ಒಂದು ತಲೆಮಾರಿನ ಸಂಶೋಧಕರ ಅಭ್ಯಾಸ ರೂಪುಗೊಂಡಿತ್ತು.

ಈ ಹಿನ್ನೆಲೆಯಲ್ಲಿ 2022ರ ಪಿಎಚ್.ಡಿ. ನಿಯಮಗಳ ಒಂದು ಅಂಶವನ್ನು ನಮ್ಮ ವಿಭಾಗಗಳು ಎಚ್ಚರದಿಂದ ಓದಬೇಕು. ಸಂಶೋಧನ ವಿದ್ಯಾರ್ಥಿಗಳೆಲ್ಲರೂ ತಮ್ಮ ವಿಷಯದ ಬೋಧನೆ ಮತ್ತು ಬರವಣಿಗೆಗಳಲ್ಲಿ ತರಬೇತಿ ಪಡೆಯಬೇಕೆಂದೂ, ವಾರಕ್ಕೆ 4ರಿಂದ 6 ಗಂಟೆಗಳ ಮಟ್ಟಿಗೆ ಅವರಿಗೆ ಬೋಧನೆಯ ಅಥವಾ ಸಂಶೋಧನೆಯ ಸಹಾಯಕ ಕೆಲಸವನ್ನು ವಹಿಸಬಹುದೆಂದೂ ಅದು ಹೇಳುತ್ತದೆ. ಅದೇ ನಿಯಮಾವಳಿ ಎಂ.ಫಿಲ್. ಪದವಿಯನ್ನು ನಿಲ್ಲಿಸಿತು, ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಬೇಕೆಂಬ ಕಡ್ಡಾಯವನ್ನೂ ಕೈಬಿಟ್ಟಿತು. ಕಾಗದದ ಮೇಲೆ ಇದು ನಾನು ಬಯಸುವುದೇ. ಕಾರ್ಯರೂಪದಲ್ಲಿ ಎರಡು ಅಪಾಯಗಳಿವೆ. ತರಬೇತಿಯನ್ನು ಒಂದು ಪ್ರಶ್ನಪತ್ರಿಕೆಯನ್ನಾಗಿ ಮಾಡಿ ಅಂಕ ಕೊಟ್ಟು ಮುಗಿಸುವುದು ಒಂದು. ಎರಡನೆಯದು ಹೆಚ್ಚು ಗಂಭೀರವಾದದ್ದು. ಹುದ್ದೆಗಳು ಖಾಲಿ ಬಿದ್ದಿರುವ ವಿಭಾಗಗಳಲ್ಲಿ ಸಂಶೋಧನ ವಿದ್ಯಾರ್ಥಿಗಳಿಂದ ಪಾಠ ಹೇಳಿಸಿ ಅದನ್ನು ‘ಬಳಗ’ವೆಂದು, ‘ಗುರುಕುಲ’ವೆಂದು ಕರೆಯುವುದು. ಗೌರವಧನವಿಲ್ಲದೆ, ಹೆಸರಿಲ್ಲದೆ ಹೇಳಿಸುವ ಪಾಠಕ್ಕೆ ಕನ್ನಡದಲ್ಲಿ ಬಿಟ್ಟಿ ಎಂಬ ಹಳೆಯ ಪದವಿದೆ. ನಾನು ಮೇಲೆ ಹೊಗಳಿದ ವಿದ್ಯಾರ್ಥಿನಿ ಆ ಎರಡು ವಾರಗಳ ಪಾಠಕ್ಕಾಗಿ ಏನನ್ನೂ ಪಡೆಯಲಿಲ್ಲ. ವಿಭಾಗದ ವರದಿಯಲ್ಲಿ ಆ ತರಗತಿಗಳು ನನ್ನ ಹೆಸರಿನಲ್ಲಿಯೇ ದಾಖಲಾದವು. ಅದನ್ನು ನಾನು ತಿದ್ದಿಸಲಿಲ್ಲ. ಬಳಗದ ಬಗ್ಗೆ ಬರೆಯುವ ಹಕ್ಕು ನನಗೆಷ್ಟಿದೆ ಎಂದು ಕೇಳುವವರಿಗೆ ನನ್ನಲ್ಲಿ ಸಮರ್ಥನೆ ಇಲ್ಲ.

ಹೊರನಾಡಿನ ವಿಭಾಗದ ಸ್ಥಿತಿಯು ಮೈಸೂರಿನ ಅಂದಿನ ಸ್ಥಿತಿಗಿಂತ ಭಿನ್ನ. ಇಲ್ಲಿ ಅಧ್ಯಾಪಕರು ಒಬ್ಬರೋ ಇಬ್ಬರೋ. ಸಂಶೋಧನ ವಿದ್ಯಾರ್ಥಿಗಳು ನಾಲ್ಕಾರು ಮಂದಿ. ತರಗತಿಯ ವಿದ್ಯಾರ್ಥಿಗಳ ಕನ್ನಡ ಒಬ್ಬೊಬ್ಬರದು ಒಂದೊಂದು ಬಗೆ. ಮುಂಬಯಿಯಲ್ಲಿ ಹುಟ್ಟಿದವನ ಕನ್ನಡದಲ್ಲಿ ತುಳು ಮತ್ತು ಮರಾಠಿಯ ನೆರಳು, ಹೈದರಾಬಾದಿನವನದರಲ್ಲಿ ಉರ್ದು ಮತ್ತು ತೆಲುಗಿನದು. ಇದನ್ನು ಕೊರತೆಯೆಂದು ಭಾವಿಸುವ ಅಧ್ಯಾಪಕರು ಮೈಸೂರಿನ ಸಂಗ್ರಹವನ್ನೇ ತರಿಸಿ ಪಾಠ ಹೇಳುತ್ತಾರೆ. ಆ ಸಂಗ್ರಹವು ಊಹಿಸಿದ ವಿದ್ಯಾರ್ಥಿ ಬೇರೆ. ಮನೆಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದವನು, ಶಬ್ದಾರ್ಥ ಕೊಟ್ಟರೆ ಉಳಿದದ್ದನ್ನು ತಾನೇ ತುಂಬಿಕೊಳ್ಳುವವನು. ನಮ್ಮ ವಿದ್ಯಾರ್ಥಿಗೆ ಬೇಕಾದ ಟಿಪ್ಪಣಿಗಳು ಬೇರೆ. ಉದಾಹರಣೆಗೆ, ಮರಾಠಿ ಬಲ್ಲವಳಿಗೆ ‘ಅನಾಮಿಕ’ ಎಂಬ ಪದದ ಜಾತಿಸೂಚಕ ಅರ್ಥವನ್ನು ವಿವರಿಸಬೇಕಾಗಲಿಲ್ಲ. ಏಕನಾಥರ ಮರಾಠಿಯ ಕಡೆಯಿಂದ ಅವಳು ಅದನ್ನು ತಾನೇ ಕಂಡುಕೊಂಡಳು. ಆದರೆ ‘ಬೆಳ್ಗೊಡೆ’ಯಲ್ಲಿ ಕೊಡೆ ಇದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಹೇಳಿರಲಿಲ್ಲ ಎಂದೇ ಬರೆಯಬೇಕು.

ಕಳೆದ ಕೆಲವು ವರ್ಷಗಳಿಂದ ನಮ್ಮಲ್ಲಿ ವಾರಕ್ಕೊಮ್ಮೆ ಒಂದೂವರೆ ಗಂಟೆ, ಮುಂದಿನ ವಾರದ ಪಾಠವನ್ನು ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ಜೊತೆಯಾಗಿ ಓದುತ್ತೇವೆ. ಇದಕ್ಕೆ ಹೆಸರಿಟ್ಟಿಲ್ಲ, ಉದ್ಘಾಟನೆಯೂ ಆಗಿಲ್ಲ. ಪಾಠ ಹೇಳುವ ಸರದಿ ಬದಲಾಗುತ್ತದೆ. ಹೇಳಿದವರ ಹೆಸರು ವರದಿಯಲ್ಲಿ ಸೇರುತ್ತದೆ, ಗೌರವಧನಕ್ಕೆ ಅರ್ಜಿ ಹಾಕುತ್ತೇವೆ, ಒಮ್ಮೊಮ್ಮೆ ಬರುತ್ತದೆ. ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆಗಳನ್ನು ಒಂದು ಉದ್ದನೆಯ ರೂಲು ಪುಸ್ತಕದಲ್ಲಿ ಅವರದೇ ಮಾತಿನಲ್ಲಿ ಬರೆದಿಡುತ್ತೇವೆ. ಒಂದು ಪುಸ್ತಕ ಮುಗಿದು ಎರಡನೆಯದು ನಡೆಯುತ್ತಿದೆ. ನಮ್ಮ ಇಬ್ಬರು ಸಂಶೋಧನ ವಿದ್ಯಾರ್ಥಿಗಳ ಪ್ರಬಂಧದ ವಿಷಯಗಳು ಆ ಪುಸ್ತಕದಿಂದ ಬಂದವು. ಆರಂಭದಲ್ಲಿ ಜಗಳಗಳೂ ನಡೆದವು. ವಿದ್ಯಾರ್ಥಿಗಳು ಅಧ್ಯಾಪಕರ ಎದುರಿಗೆ ಅಧ್ಯಾಪಕರ ಓದನ್ನು ಅಲ್ಲಗಳೆಯಲು ಒಂದು ವರ್ಷ ಹಿಡಿಯಿತು. ಅಧ್ಯಾಪಕರು ಅದನ್ನು ಸಹಿಸಲು ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕಾಯಿತು.

ಇಂಥ ಕೂಟಗಳನ್ನು ವರ್ಣಿಸುವಾಗ ಅನುಭವ ಮಂಟಪದ ಹೆಸರೆತ್ತುವುದು ನಮ್ಮಲ್ಲಿ ರೂಢಿ. ಆ ರೂಪಕವನ್ನು ನಾನು ಒಪ್ಪುವುದಿಲ್ಲ. ಹೋಲಿಕೆ ಬೇಕೇ ಆದರೆ ‘ಶೂನ್ಯಸಂಪಾದನೆ’ಯ ಸಂಕಲನಕಾರರು ಹೆಚ್ಚು ಉಪಯುಕ್ತ. ಶಿವಗಣಪ್ರಸಾದಿ ಮಹಾದೇವಯ್ಯನು ಚದುರಿದ ವಚನಗಳನ್ನು ಸಂವಾದದ ಚೌಕಟ್ಟಿನಲ್ಲಿ ಜೋಡಿಸಿದ. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬರಾದ ಮೇಲೊಬ್ಬರು ಅದನ್ನು ತಿದ್ದಿದರು, ಬೆಳೆಸಿದರು. ಸಿದ್ಧರಾಮನ ದೀಕ್ಷೆಯಂಥ ಪ್ರಸಂಗಗಳಲ್ಲಿ ಅವರು ಪರಸ್ಪರ ಒಪ್ಪಲೇ ಇಲ್ಲ. ಒಪ್ಪದೆಯೂ ಒಂದೇ ಪುಸ್ತಕದ ಮೇಲೆ ಕೆಲಸ ಮಾಡಿದರು. ಹಿಂದಿನವನ ಜೋಡಣೆಯನ್ನು ಅಳಿಸಿಹಾಕದೆ, ಪೂಜಿಸದೆ, ತಮ್ಮ ಕಾಲದ ಓದುಗನಿಗೆ ಮರುಜೋಡಿಸುವ ಈ ಕ್ರಮವನ್ನು ನಾವು ಸಂಗ್ರಹಗಳ ವಿಷಯದಲ್ಲಿಯೂ ಅನುಸರಿಸಬಹುದಾಗಿತ್ತು. ವೆಂಕಣ್ಣಯ್ಯ-ಕೃಷ್ಣಶಾಸ್ತ್ರಿಗಳ ಸಂಗ್ರಹವನ್ನು ದಶಕಗಳ ಕಾಲ ಅಚ್ಚು ಹಾಕಿಸುತ್ತ ಬಂದೆವು, ಅಥವಾ ಕೈಬಿಟ್ಟೆವು. ಅದರೊಡನೆ ವಾದಿಸುವ ಇನ್ನೊಂದು ಸಂಗ್ರಹವನ್ನು ಮಾಡುವ ಕೆಲಸಕ್ಕೆ ಗಂಭೀರವಾಗಿ ಕೈಹಾಕಲಿಲ್ಲ.

ನಮ್ಮ ವಾರದ ಓದಿನಿಂದ ಅಂಥದೊಂದು ಹರಿಶ್ಚಂದ್ರ ಕಾವ್ಯದ ಆಯ್ಕೆ ಈಗ ಕರಡು ರೂಪದಲ್ಲಿದೆ. ಬೇಟೆಯ ವರ್ಣನೆಯ ಇಪ್ಪತ್ತು ಪದ್ಯಗಳನ್ನು ಸೇರಿಸಬೇಕೆಂದು ನಾನು, ಬೇಡವೆಂದು ಮೂವರು ಸಂಶೋಧನ ವಿದ್ಯಾರ್ಥಿಗಳು. ಗಾನರಾಣಿಯರ ಪ್ರಸಂಗವನ್ನು ಇಡಿಯಾಗಿ ಕೊಡುವುದೆಂದು ಎಲ್ಲರೂ ಒಪ್ಪಿದ್ದಾರೆ. ಅದರ ಕೆಳಗಿನ ಟಿಪ್ಪಣಿಗಳಲ್ಲಿ ಶಬ್ದಾರ್ಥದ ಮೊದಲು ವಿದ್ಯಾರ್ಥಿಗಳ ಪ್ರಶ್ನೆಗಳನ್ನು ಅಚ್ಚು ಮಾಡಬೇಕೆಂಬುದು ಈಚಿನ ಸೂಚನೆ. ಮೊದಲ ಪ್ರಶ್ನೆ ಯಾವುದೆಂದು ಚರ್ಚೆ ನಡೆಯಲಿಲ್ಲ. ಅದನ್ನು ಕೇಳಿದ ಹುಡುಗ ಈಗ ಒಂದು ಜೂನಿಯರ್ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಕರಡನ್ನು ಅವನಿಗೆ ಕಳುಹಿಸಿದ್ದೇವೆ. ಬೇಟೆಯ ಪದ್ಯಗಳ ವಿಷಯದಲ್ಲಿ ಅವನು ನನ್ನ ಕಡೆ ಇಲ್ಲ.